"ಡಿಡ್ ನಾಟ್ ವೆಂಟ್" ಅಂದವರನ್ನು ನೋಡಿ ನಗುವ ಮುಂಚೆ

"ಹಿ ಡಿಡ್ ನಾಟ್ ವೆಂಟ್." "ಡಿಡ್ ನಾಟ್ ಗೋ" ಅನ್ನಬೇಕಾದ ಕಡೆ ಈ ವಾಕ್ಯ ಕಿವಿಗೆ ಬಿದ್ದರೆ ಸಾಕು, ನಗುವವರು ನಮ್ಮಲ್ಲಿ ಜಾಸ್ತಿ. ಇದರ ಮೇಲೆ ಮೀಮ್ ಬರುತ್ತೆ, ರೀಲ್ಸ್ ಬರುತ್ತೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದ ಎಷ್ಟೋ ಮಕ್ಕಳು ವರ್ಷವಿಡೀ ಬಾಯಿ ಬಿಡದೆ ಕೂರುವುದು ಈ ನಗುವಿಗೆ ಹೆದರಿಯೇ. ಅಂಥ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಅದಕ್ಕೇ ಈ ಮಾತನ್ನು ಬರೆಯಲೇಬೇಕು ಅನ್ನಿಸಿತು.

ತಪ್ಪು ಮಕ್ಕಳ ತಲೆಯದಲ್ಲ. "ಡು" ಅನ್ನುವ ಆ ಪುಟ್ಟ ಕ್ರಿಯಾಪದ ಇದೆಯಲ್ಲ, ಅದು ಇಂಗ್ಲಿಷಿನ ಅಕ್ಕಪಕ್ಕದ ಭಾಷೆಗಳಿಗೂ ವಿಚಿತ್ರವಾಗಿ ಕಾಣುವಂಥದ್ದು. ಇನ್ನೊಂದು ಮಾತು. ಅದರ ಅರ್ಧ ನಿಯಮ ಕನ್ನಡದ ಮಗುವಿಗೆ ಶಾಲೆಗೆ ಸೇರುವ ಮುಂಚೆಯೇ ಗೊತ್ತಿರುತ್ತೆ. ಅದು ನಿನಗೆ ಆಗಲೇ ಗೊತ್ತು ಅಂತ ನಾವು ಮಗುವಿಗೆ ಹೇಳುತ್ತಿಲ್ಲ, ಅಷ್ಟೆ.

ಡು ಅಂದರೆ ಮಾಡು. ಹೋಮ್‌ವರ್ಕ್ ಮಾಡು, ಕೆಲಸ ಮಾಡು. ಇಲ್ಲಿಗೆ ಯಾರಿಗೂ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಅರ್ಥವೇ ಇಲ್ಲದ ಡು ಬಂದಾಗ. "ಡು ಯು ನೋ ಹಿಮ್?" ಅನ್ನುವಲ್ಲಿ ಮಾಡುವಂಥದ್ದು ಏನಿದೆ? "ಐ ಡೋಂಟ್ ನೋ" ಅಂದಾಗ ನಾನು ಏನನ್ನು ಮಾಡಲಿಲ್ಲ? ಒಬ್ಬ ಹುಡುಗ ಕ್ಲಾಸಿನಲ್ಲಿ ಇದನ್ನೇ ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಈ ಡು ಬರೀ ವ್ಯಾಕರಣದ ಕೆಲಸಕ್ಕೆ ಬರುವಂಥದ್ದು. ಕಾಲವನ್ನೂ ಯಾರು ಅನ್ನುವುದನ್ನೂ ತಾನೇ ಹೊರುತ್ತೆ. ಅದಕ್ಕೇ ಅದು ಒಮ್ಮೆ ಡು, ಒಮ್ಮೆ ಡಸ್, ಒಮ್ಮೆ ಡಿಡ್ ಆಗುತ್ತೆ. ಅದರ ಪಕ್ಕದ ಅಸಲಿ ಕ್ರಿಯಾಪದ ಬರಿಗೈಯಲ್ಲಿ ನಿಲ್ಲುತ್ತೆ.

ಹೆಚ್ಚಿನ ಭಾಷೆಗಳು ಹೀಗೆ ಮಾಡುವುದಿಲ್ಲ. ಜರ್ಮನ್ ಇಂಗ್ಲಿಷಿನ ಹತ್ತಿರದ ನಂಟ. ಅವರು "ನನಗೆ ಗೊತ್ತಿಲ್ಲ" ಅನ್ನಲು "ಇಶ್ ವೈಸ್ ನಿಶ್ಟ್" ಅನ್ನುತ್ತಾರೆ. ನಾನು, ಬಲ್ಲೆ, ಇಲ್ಲ. ಮೂರೇ ಪದ, ನಡುವೆ ಮಾಡು ಇಲ್ಲ. ಇಂಗ್ಲಿಷ್ ಕೂಡ ಮೊದಲು ಹಾಗೇ ಇತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ "ದೋನ್" ಅನ್ನುವ ಕ್ರಿಯಾಪದ ಇತ್ತು. ಆದರೆ ಪ್ರಶ್ನೆ ಕೇಳಲು, ಇಲ್ಲ ಅನ್ನಲು ಅದು ಬೇಕಿರಲಿಲ್ಲ. ಕ್ರಿಯಾಪದವನ್ನು ಮುಂದಕ್ಕೆ ತಂದರೆ ಪ್ರಶ್ನೆ ಆಗುತ್ತಿತ್ತು.

ಈ ಹೊಸ ಡು ಮೊದಲು ಕಾಣಿಸಿಕೊಂಡದ್ದು 13ನೇ ಶತಮಾನದಲ್ಲಿ, ಇಂಗ್ಲೆಂಡಿನ ನೈಋತ್ಯ ಭಾಗದ ಬರಹಗಳಲ್ಲಿ. ಆಮೇಲೆ ಸುಮಾರು 1500ರಿಂದ 1700ರ ಒಳಗೆ ಅದು ಇಡೀ ಭಾಷೆಗೆ ಹಬ್ಬಿತು. ಸ್ವೀಡನ್ನಿನ ಆಲ್ವಾರ್ ಎಲ್ಲೆಗೋರ್ಡ್ ಅನ್ನುವ ವಿದ್ವಾಂಸರು ಹಳೆಯ ಬರಹಗಳಿಂದ ರಾಶಿ ರಾಶಿ ಉದಾಹರಣೆ ಹೆಕ್ಕಿ, ಯಾವ ಕಾಲದಲ್ಲಿ ಎಷ್ಟು ಡು ಇತ್ತು ಅಂತ ಲೆಕ್ಕ ಹಾಕಿ 1953ರಲ್ಲಿ ಪ್ರಕಟಿಸಿದರು. ಅವರ ಗ್ರಾಫನ್ನು ಇವತ್ತಿಗೂ ಭಾಷಾವಿಜ್ಞಾನದ ವಿದ್ಯಾರ್ಥಿಗಳು ನೋಡುತ್ತಾರೆ. ಈ ಡು ಯಾಕೆ ಬಂತು ಅನ್ನುವುದರ ಬಗ್ಗೆ ಮಾತ್ರ ಜಗಳ ಮುಗಿದಿಲ್ಲ. ವೇಲ್ಸ್ ಮತ್ತು ಕಾರ್ನ್‌ವಾಲ್‌ನ ಕೆಲ್ಟಿಕ್ ಭಾಷೆಗಳಲ್ಲಿ "ನಾನು ಹೋಗುವುದನ್ನು ಮಾಡಿದೆ" ಅನ್ನುವಂಥ ರಚನೆ ಇದೆ. ಅಲ್ಲಿಂದಲೇ ಇದು ಇಂಗ್ಲಿಷಿಗೆ ಬಂತು ಅನ್ನುವವರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜಾನ್ ಮ್ಯಾಕ್‌ವರ್ಟರ್ ಹೆಸರು ದೊಡ್ಡದು. ಇಲ್ಲ, ಇದು ಇಂಗ್ಲಿಷಿನ ಒಳಗೇ ಬೆಳೆದದ್ದು ಅನ್ನುವವರೂ ಬಹಳ ಜನ ಇದ್ದಾರೆ. ನನಗೆ ಮೊದಲ ವಾದ ಹಿಡಿಸುತ್ತೆ. ಒಂದೇ ನೆಲದಲ್ಲಿ ನೂರಾರು ವರ್ಷ ಜೊತೆಗೆ ಬದುಕಿದ ಭಾಷೆಗಳು ಒಂದರ ಚಾಳಿ ಇನ್ನೊಂದು ಕಲಿಯದೆ ಇರುವುದಿಲ್ಲ. ಬೆಂಗಳೂರಿನ ಕನ್ನಡ, ತೆಲುಗು, ತಮಿಳು, ಉರ್ದು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬದಲಾವಣೆ ನಡೆಯುತ್ತಿದ್ದ ಹೊತ್ತಿನ ಒಂದು ಸಾಲು ನನಗೆ ತುಂಬ ಇಷ್ಟ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಹೊಲದ ಹೂಗಳ ಬಗ್ಗೆ ಏಸು ಹೇಳುವ ಮಾತು ಅದು. "ದೇ ಟಾಯ್ಲ್ ನಾಟ್, ನೀದರ್ ಡು ದೇ ಸ್ಪಿನ್." ಅವು ದುಡಿಯುವುದಿಲ್ಲ, ನೂಲುವುದೂ ಇಲ್ಲ. ಮೊದಲ ಅರ್ಧದಲ್ಲಿ ಡು ಇಲ್ಲ, ಎರಡನೇ ಅರ್ಧದಲ್ಲಿ ಇದೆ! ಹಳೆಯದೂ ಹೊಸದೂ ಒಂದೇ ಉಸಿರಿನಲ್ಲಿ. ಶಿಲುಬೆಯ ಮೇಲಿನ ಮಾತಿನಲ್ಲಿ "ದೇ ನೋ ನಾಟ್ ವಾಟ್ ದೇ ಡು" ಅಂತ ಬರುತ್ತೆ. ತಾವೇನು ಮಾಡುತ್ತಿದ್ದೇವೆ ಅಂತ ಅವರು ಅರಿಯರು. ಅಲ್ಲಿ ಡು ಇರುವುದು ಮಾಡು ಅನ್ನುವ ಅಸಲಿ ಅರ್ಥದಲ್ಲಿ ಮಾತ್ರ. ಇವತ್ತಿನ ಪರೀಕ್ಷೆಯಲ್ಲಿ ಯಾರಾದರೂ "ದೇ ನೋ ನಾಟ್" ಅಂತ ಬರೆದರೆ ಕೆಂಪು ಗೆರೆ ಗ್ಯಾರಂಟಿ.

ಅಷ್ಟು ದೂರ ಯಾಕೆ, ನಮ್ಮ ಅಂಗನವಾಡಿ, ಎಲ್‌ಕೆಜಿ ಮಕ್ಕಳು ದಿನಾ ಹಾಡುವ "ಬಾ ಬಾ ಬ್ಲ್ಯಾಕ್ ಶೀಪ್" ನೋಡಿ. "ಹ್ಯಾವ್ ಯು ಎನಿ ವೂಲ್?" ಅಂತ ಕುರಿಯನ್ನು ಕೇಳುತ್ತಾರೆ. "ಡು ಯು ಹ್ಯಾವ್" ಅಂತ ಕೇಳುವುದಿಲ್ಲ. 18ನೇ ಶತಮಾನದ ಈ ಹಾಡಿನಲ್ಲಿ ಹಳೆಯ ಪದ್ಧತಿ ಹಾಗೇ ಉಳಿದಿದೆ. ಆಗ ಬೇರೆ ಕ್ರಿಯಾಪದಗಳು ಡುವಿಗೆ ಶರಣಾಗಿದ್ದರೂ ಹ್ಯಾವ್ ಇನ್ನೂ ಪಟ್ಟು ಬಿಟ್ಟಿರಲಿಲ್ಲ.

ಇನ್ನು ಡುವಿನ ಮೂಲ. ಇದನ್ನು ಹೇಳುವಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಡು ಮತ್ತು ಸಂಸ್ಕೃತದ "ಧಾ" ಒಂದೇ ಬೇರಿನವು. ಇಡು, ನೆಲೆಗೊಳಿಸು ಅನ್ನುವುದು ಆ ಬೇರಿನ ಅರ್ಥ. ಸಂಸ್ಕೃತದಲ್ಲಿ ಧ ಇದ್ದ ಕಡೆ ಇಂಗ್ಲಿಷಿನಲ್ಲಿ ಡ ಬರುವುದು ಒಂದು ನಿಯಮ. ವಿಧವಾ ಅಲ್ಲಿ ವಿಡೋ. ಬಂಧ ಅಲ್ಲಿ ಬೈಂಡ್. ಮಧು ಅಲ್ಲಿ ಮೀಡ್, ಅಂದರೆ ಜೇನಿನಿಂದ ಮಾಡುವ ಮದ್ಯ. ಹಾಗೆಯೇ ಧಾ ಅಲ್ಲಿ ಡು. ಈ ಧಾ ನಮ್ಮ ಕನ್ನಡದಲ್ಲಿ ಎಷ್ಟು ಕಡೆ ಕೂತಿದೆ ನೋಡಿ. ನಿಧಿ, ವಿಧಿ, ಸಂಧಿ, ಸಮಾಧಾನ, ಪ್ರಧಾನ. ಕ್ರಿಯಾಪದದ ಬೇರಿಗೆ ನಾವು "ಧಾತು" ಅನ್ನುತ್ತೇವಲ್ಲ, ಆ ಪದವೂ ಇದರಿಂದಲೇ ಬಂದದ್ದು. ವಿಧಾನಸೌಧದ ವಿಧಾನ, ಸಂವಿಧಾನ, ಎರಡರಲ್ಲೂ ಇದೆ. ಶ್ರದ್ಧೆಯಲ್ಲಿಯೂ ಇದೆ. ಶ್ರದ್ಧೆ ಮತ್ತು ಬ್ಯಾಂಕಿನ ಕ್ರೆಡಿಟ್ ಕೂಡ ಒಂದೇ ಮೂಲದ ಪದಗಳು. ಲ್ಯಾಟಿನ್ ಕಡೆಯಿಂದ ಇದೇ ಬೇರು ಫ್ಯಾಕ್ಟ್, ಫ್ಯಾಕ್ಟರಿ ಕೊಟ್ಟಿದೆ. ಗ್ರೀಕ್ ಕಡೆಯಿಂದ ಥೀಸಿಸ್, ಥೀಮ್ ಕೊಟ್ಟಿದೆ. ಇಂಗ್ಲಿಷಿನ ಮನೆಯಲ್ಲೇ ಹುಟ್ಟಿದ ಡೀಡ್ ಮತ್ತು ಡೂಮ್ ಕೂಡ ಡುವಿನ ಒಡಹುಟ್ಟಿದವು. ಬಟ್ಟೆ ತೊಡು ಅನ್ನುವ ಡಾನ್ ಅಂದರೆ ಡು ಆನ್. ಟೋಪಿ ತೆಗೆ ಅನ್ನುವ ಡಾಫ್ ಅಂದರೆ ಡು ಆಫ್.

ಒಂದು ಎಚ್ಚರಿಕೆ. ನಮ್ಮ "ಮಾಡು" ಈ ಕುಟುಂಬದ್ದಲ್ಲ. ಅದು ಅಪ್ಪಟ ದ್ರಾವಿಡ ಪದ. ಮಾಡು ಮತ್ತು ಮೇಕ್ ಎರಡೂ ಮ ದಿಂದ ಶುರುವಾಗುತ್ತವೆ, ಆದ್ದರಿಂದ ಒಂದೇ ಅಂತ ವಾಟ್ಸಾಪಿನಲ್ಲಿ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸದ್ದು ಹೋಲಿದರೆ ನಂಟು ಆಗುವುದಿಲ್ಲ. ವಿಧವಾ ಮತ್ತು ವಿಡೋ ತರಹ ಸಾಲು ಸಾಲಾಗಿ ಒಂದೇ ನಿಯಮ ಸಿಗಬೇಕು.

ಈಗ ಮೂಲದಿಂದಲೇ ವ್ಯಾಕರಣಕ್ಕೆ ಬರುತ್ತೇನೆ. ಇಂಗ್ಲಿಷಿನ ಭೂತಕಾಲಕ್ಕೆ ವಾಕ್ಡ್, ಪ್ಲೇಯ್ಡ್ ಅಂತ ಕೊನೆಯಲ್ಲಿ ಒಂದು ಡ್ ಸೇರುತ್ತಲ್ಲ, ಅದು ಎಲ್ಲಿಂದ ಬಂತು? ಹೆಚ್ಚಿನ ವಿದ್ವಾಂಸರು ಒಪ್ಪುವ ಉತ್ತರ, ಅದು "ಡಿಡ್" ಸವೆದು ಉಳಿದ ತುಣುಕು. ಇಂಗ್ಲಿಷಿನ ಹಳೆಯ ದಾಯಾದಿ ಗೋಥಿಕ್ ಭಾಷೆಯಲ್ಲಿ, 4ನೇ ಶತಮಾನದ ಬೈಬಲ್ ಅನುವಾದದಲ್ಲಿ, "ನಾವು ಕಾಪಾಡಿದೆವು" ಅನ್ನಲು "ನಸಿದೇದುಮ್" ಅಂತ ಇದೆ. ಆ "ದೇದುಮ್" ಒಳಗೆ ಡಿಡ್ ಇನ್ನೂ ಇಡಿಯಾಗಿ ಕಾಣುತ್ತೆ. ಅಂದರೆ ವಾಕ್ಡ್‌ನ ಕೊನೆಯ ಆ ಡ್ ಒಂದು ಕಾಲದ ಡಿಡ್. ಹಾಗಾದರೆ "ಡಿಡ್ ನಾಟ್ ವಾಕ್ಡ್" ಅಂದರೆ ಡಿಡ್ ಎರಡು ಸಲ ಬಂದಹಾಗೆ! ಮುಂದೆ ಒಂದು ಡಿಡ್ ಬಂತು, ಹಿಂದಿನದು ಉದುರಿತು. ನಿಯಮ ಹೀಗೆ ಕಥೆಯಾಗಿ ಸಿಕ್ಕರೆ ಮಕ್ಕಳು ಮರೆಯುವುದಿಲ್ಲ. "ಡಿಡ್ ಬಂದರೆ ವಿ1 (ಮೂಲ ರೂಪ) ಹಾಕಿ, ವಿ2 (ಭೂತಕಾಲದ ರೂಪ) ಹಾಕಬೇಡಿ" ಅಂತ ಬೋರ್ಡಿನ ಮೇಲೆ ಬರೆದು ಬೈದರೆ ಪರೀಕ್ಷೆ ಮುಗಿದ ಸಂಜೆಯೇ ಮರೆಯುತ್ತಾರೆ.

ಇದಕ್ಕಿಂತ ದೊಡ್ಡ ಸಹಾಯ ನಮ್ಮ ಕನ್ನಡದಲ್ಲೇ ಇದೆ. ನಾನು ಇಷ್ಟು ಬರೆಯಲು ಕೂತದ್ದೂ ಇದನ್ನು ಹೇಳಲಿಕ್ಕೇ.

ಬಂದ. ಇದರ ವಿರುದ್ಧ ಏನು? ಬರಲಿಲ್ಲ. ಯಾವ ಮಗುವೂ "ಬಂದಲಿಲ್ಲ" ಅನ್ನುವುದಿಲ್ಲ. ತಿಂದ, ತಿನ್ನಲಿಲ್ಲ. ಕೊಟ್ಟ, ಕೊಡಲಿಲ್ಲ. ಬಿದ್ದ, ಬೀಳಲಿಲ್ಲ. ಎದ್ದ, ಏಳಲಿಲ್ಲ. ನಿಂತ, ನಿಲ್ಲಲಿಲ್ಲ. ಗಮನಿಸಿ. ಇಲ್ಲ ಬಂದ ಕೂಡಲೇ ಭೂತಕಾಲದ ರೂಪ ಮಾಯ. ಬಿದ್ದ ಹೋಗಿ ಬೀಳು ವಾಪಸ್ ಬಂತು. ಎದ್ದ ಹೋಗಿ ಏಳು ವಾಪಸ್ ಬಂತು. ಇಂಗ್ಲಿಷಿನ ಡಿಡ್ ನಾಟ್ ಮಾಡುವುದೂ ಇದೇ ಕೆಲಸ ಅಲ್ವಾ? ಫೆಲ್ ಹೋಗಿ ಫಾಲ್ ಬರುತ್ತೆ. ವೆಂಟ್ ಹೋಗಿ ಗೋ ಬರುತ್ತೆ. "ಹೋದಲಿಲ್ಲ" ಎಷ್ಟು ತಪ್ಪೋ "ಡಿಡ್ ನಾಟ್ ವೆಂಟ್" ಅಷ್ಟೇ ತಪ್ಪು, ಅದೇ ಕಾರಣಕ್ಕೆ.

ಇನ್ನೂ ಇದೆ. ಬಂದೆನು, ಬಂದಳು, ಬಂದರು ಅಂತ ಕನ್ನಡದ ಕ್ರಿಯಾಪದ ಒಬ್ಬೊಬ್ಬರಿಗೆ ಒಂದೊಂದು ರೂಪ ತಾಳುತ್ತೆ. ಬರಲಿಲ್ಲ ಆದಾಗ? ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ. ಎಲ್ಲರಿಗೂ ಒಂದೇ. ಡಿಡ್ ನಾಟ್ ಕಮ್ ಕೂಡ ಎಲ್ಲರಿಗೂ ಒಂದೇ. ಬರುತ್ತಾಳೆ ಅನ್ನುವುದು ಬರುವುದಿಲ್ಲ ಆದಾಗ ಆ "ಆಳೆ" ಬಿದ್ದುಹೋಗುತ್ತೆ. ಕಮ್ಸ್ ಅನ್ನುವುದು ಡಸ್ ನಾಟ್ ಕಮ್ ಆದಾಗ ಕೊನೆಯ ಎಸ್ ಕ್ರಿಯಾಪದವನ್ನು ಬಿಟ್ಟು ಡಸ್ ಕಡೆಗೆ ಹೋಗುತ್ತೆ. "ಶಿ ಡಸ್ ನಾಟ್ ಕಮ್ಸ್" ಅಂತ ಬರೆಯುವ ಮಗುವಿಗೆ ಇದನ್ನು ಒಮ್ಮೆ ತೋರಿಸಿ ನೋಡಿ. ಬಂದಿಲ್ಲ ಅನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಿ. ಅದು ಹ್ಯಾಸ್ ನಾಟ್ ಕಮ್. ಹೋಗಿಲ್ಲ ಅನ್ನುವುದು ಹ್ಯಾಸ್ ನಾಟ್ ಗಾನ್. ಹೋಗಲಿಲ್ಲ ಅನ್ನುವುದು ಡಿಡ್ ನಾಟ್ ಗೋ. ಮಾತಿನಲ್ಲಿ ಇವೆರಡನ್ನೂ ನಾವು ಎಷ್ಟೋ ಸಲ ಬೆರೆಸುತ್ತೇವೆ, ನಿಜ. ಬರೆಯುವಾಗ ಬೇರೆ ಬೇರೆ ಇಡುತ್ತೇವೆ. ಆ ಬೇರೆತನವೇ ಇಂಗ್ಲಿಷಿನಲ್ಲೂ ಇರುವುದು.

ಇಲ್ಲಿ ಇನ್ನೊಂದು ಚಂದದ ಸಂಗತಿ ಇದೆ. ಇಂಗ್ಲಿಷ್ "ನೋ ನಾಟ್" ಬಿಟ್ಟು "ಡು ನಾಟ್ ನೋ" ಹಿಡಿದ ಹಾಗೆ, ಕನ್ನಡವೂ ತನ್ನ ಹಳೆಯ ಒಂದು ದಾರಿ ಬಿಟ್ಟಿದೆ. ಹಳಗನ್ನಡದಲ್ಲಿ, ವಚನಗಳಲ್ಲಿ, ದಾಸರ ಪದಗಳಲ್ಲಿ ಅರಿಯೆ, ಒಲ್ಲೆ, ಕಾಣೆ ಅಂತ ಬರುತ್ತೆ. ಇಲ್ಲ ಅನ್ನುವ ಬೇರೆ ಪದ ಬೇಕಿರಲಿಲ್ಲ, ಕ್ರಿಯಾಪದದ ಒಳಗೇ ಇಲ್ಲ ಇತ್ತು. ಈಗ ಅರಿಯುವುದಿಲ್ಲ, ಕಾಣುವುದಿಲ್ಲ ಅಂತ ಎರಡು ತುಂಡಾಗಿ ಹೇಳುತ್ತೇವೆ. ಹಳೆಯದು ಪೂರ್ತಿ ಸತ್ತಿಲ್ಲ. ಬಾರದು, ಕೂಡದು, ಸಲ್ಲದು ಇವೆ. ಪತ್ರಿಕೆಯ "ಕಾಣೆಯಾಗಿದ್ದಾರೆ" ಪ್ರಕಟಣೆಯಲ್ಲಿ ಆ ಹಳೆಯ ಕಾಣೆ ಇನ್ನೂ ಜೀವಂತ. ಒಂದಕ್ಕೊಂದು ನಂಟೇ ಇಲ್ಲದ ಎರಡು ಭಾಷೆಗಳು, ಸಾವಿರಾರು ಮೈಲಿ ದೂರದಲ್ಲಿ, ಇಲ್ಲ ಅನ್ನಲು ಇನ್ನೊಂದು ಪದದ ನೆರವು ಪಡೆದವು. ನೆರವಿನ ಪದ ಬಂದ ಮೇಲೆ ಮೂಲ ಪದ ಹಗುರಾಯಿತು. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಆದರೆ ಪ್ರಶ್ನೆಯ ವಿಷಯದಲ್ಲಿ ಕನ್ನಡ ಕೈ ಹಿಡಿಯುವುದಿಲ್ಲ. ಹೋದ, ಹೋದನಾ? ಇಲ್ಲಿ ಭೂತಕಾಲ ಹಾಗೇ ಉಳಿಯುತ್ತೆ, ಕೊನೆಗೆ ಒಂದು ಆ ಸೇರುತ್ತೆ. ಅದಕ್ಕೇ "ಡಿಡ್ ಹಿ ವೆಂಟ್?" ಅನ್ನುವ ತಪ್ಪು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಾವು ಮಾಡಬೇಕಾದ್ದು ಪಾಠದ ಕ್ರಮ ಬದಲಿಸುವುದು. ಎಷ್ಟೋ ಕ್ಲಾಸುಗಳಲ್ಲಿ ಪ್ರಶ್ನೆ, ನೆಗೆಟಿವ್ ಎರಡನ್ನೂ ಒಂದೇ ದಿನ ಸುರಿಯುತ್ತಾರೆ. ನೆಗೆಟಿವ್ ಮೊದಲು ಗಟ್ಟಿಯಾಗಲಿ, ಅದಕ್ಕೆ ಕನ್ನಡದ ಆಸರೆ ಇದೆ. ಆಮೇಲೆ ಆ ಡಿಡ್ ಅನ್ನೇ ಮುಂದಕ್ಕೆ ಎಳೆದು ಪ್ರಶ್ನೆ ಮಾಡಿಸಿ.

ವಾಕ್ಯದ ಕೊನೆಗೆ ಸೇರಿಸುವ ಪುಟ್ಟ ಪ್ರಶ್ನೆ, ಅಂದರೆ ಕ್ವೆಶ್ಚನ್ ಟ್ಯಾಗ್, ಅದರ ಬಗ್ಗೆಯೂ ಒಂದು ಮಾತು. ಎಸ್‌ಎಸ್‌ಎಲ್‌ಸಿಯಲ್ಲಿ ಮಕ್ಕಳನ್ನು ಕಾಡುವ ವಿಷಯ ಇದು. "ಯು ನೋ ಹಿಮ್, ಇಸಂಟ್ ಇಟ್?" ಅಂತ ನಾವು ಹೇಳುತ್ತೇವೆ, ಪುಸ್ತಕ "ಡೋಂಟ್ ಯು?" ಅನ್ನುತ್ತೆ. ನಮ್ಮ "ಅಲ್ವಾ" ಯಾವ ವಾಕ್ಯಕ್ಕೂ ಹೊಂದುತ್ತೆ. ಫ್ರೆಂಚರಿಗೂ "ನೆಸ್ ಪಾ" ಅಂತ ಒಂದೇ ಇದೆ, ಜರ್ಮನರಿಗೂ "ನಿಶ್ಟ್ ವಾರ್" ಅಂತ ಒಂದೇ ಸಾಕು. ಇಲ್ಲಿ ವಿಚಿತ್ರ ಇಂಗ್ಲಿಷೇ ಹೊರತು ನಾವಲ್ಲ. ಮಾರ್ಕ್ಸ್ ಬೇಕು, ಕಲಿಯಲೇಬೇಕು. ಆದರೆ ನಾಚಿಕೆಪಡುವಂಥದ್ದು ಏನಿಲ್ಲ ಅಂತ ಮಗುವಿಗೆ ಗೊತ್ತಾಗಬೇಕು.

ಒತ್ತಿ ಹೇಳುವ ಡು ಕೂಡ ಇದೆ. "ಐ ಡು ಲೈಕ್ ಇಟ್" ಅಂದರೆ ನಿಜವಾಗಿಯೂ ಇಷ್ಟ ಅಂತ. ಯಾವ ಒತ್ತೂ ಇಲ್ಲದೆ ಸುಮ್ನೆ "ಐ ಡು ಲವ್" ಅನ್ನುವ ರೂಢಿ ಹಿಂದೆ ತುಂಬ ಇತ್ತು. 1755ರ ತನ್ನ ನಿಘಂಟಿನ ವ್ಯಾಕರಣ ಭಾಗದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅದನ್ನು ಕೆಟ್ಟ ರೂಢಿ ಅಂತ ಬರೆದ. ಮಾತಿನಿಂದ ಅದು ಹೋಯಿತು, ಕಾನೂನಿನ ಭಾಷೆಯಲ್ಲಿ ಉಳಿಯಿತು. ನಮ್ಮ ಅಫಿಡವಿಟ್‌ಗಳಲ್ಲಿ "ಡು ಹಿಯರ್‌ಬೈ ಡಿಕ್ಲೇರ್" ಅಂತ ಇರುತ್ತಲ್ಲ, ಅದೇ. ಭಾರತ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳು, ಶಾಸಕರು ತೆಗೆದುಕೊಳ್ಳುವ ಪ್ರಮಾಣವಚನದ ಇಂಗ್ಲಿಷ್ ಪಾಠದಲ್ಲೂ "ಡು ಸ್ವೇರ್" ಅಂತಲೇ ಇದೆ. ಸಂವಿಧಾನ ಅನ್ನುವ ಪದದ ಒಳಗಿನ ಧಾ, ಆ ಪ್ರಮಾಣದ ಒಳಗಿನ ಡು, ಎರಡೂ ಒಂದೇ ಬೇರು. ಇದನ್ನು ಹೇಳಿದ ದಿನ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡನ್ನೂ ಬರೆದು ಗೆರೆ ಎಳೆದು ಸೇರಿಸಿದ್ದಳು.

ಅಸಲಿ ಅರ್ಥದ ಡುವಿಗೂ ಒಂದು ತೊಡಕಿದೆ. ಕನ್ನಡದ ಮಾಡು ಬಹಳ ಅಗಲ. ಬಸವಣ್ಣನವರ ವಚನದಲ್ಲಿ ಉಳ್ಳವರು ಶಿವಾಲಯ ಮಾಡುವ ಮಾತು ಬರುತ್ತೆ, ಬಡವ ತಾನೇನು ಮಾಡಲಿ ಅನ್ನುವ ಮಾತೂ ಬರುತ್ತೆ. ಮೊದಲ ಮಾಡು ಇಂಗ್ಲಿಷಿನಲ್ಲಿ ಮೇಕ್, ಎರಡನೆಯದು ಡು. ನಮಗೆ ಎರಡೂ ಒಂದೇ. ಅದಕ್ಕೇ "ಡು ಎ ಮಿಸ್ಟೇಕ್" ಬಾಯಿಗೆ ಬರುತ್ತೆ. ಹೊಸದಾಗಿ ಒಂದು ವಸ್ತು ಹುಟ್ಟಿದರೆ ಮೇಕ್, ಕೆಲಸ ನಡೆದರೆ ಡು ಅನ್ನುವುದು ಒಂದು ಹಂತದ ತನಕ ಸಾಕು, ಉಳಿದದ್ದು ಕೇಳಿ ಕೇಳಿ ಬರಬೇಕು. ಇದೇ ಮಾಡು ನಮಗೆ ಇನ್ನೊಂದು ಉಪಕಾರವನ್ನೂ ಮಾಡಿದೆ. ಹಿಂದೆ ಪೂಜೆ ಮಾಡು, ಪ್ರಯಾಣ ಮಾಡು ಅಂತ ಸಂಸ್ಕೃತದ ಪದಗಳನ್ನು ಒಳಗೆ ಕರೆದುಕೊಂಡಿತು. ಈಗ ಕ್ಯಾನ್ಸಲ್ ಮಾಡು, ಚಾರ್ಜ್ ಮಾಡು ಅಂತ ಇಂಗ್ಲಿಷ್ ಪದಗಳನ್ನು ಕರೆದುಕೊಳ್ಳುತ್ತಿದೆ. ತಾನಾಗಿ ಆದರೆ ಕ್ಯಾನ್ಸಲ್ ಆಯ್ತು. ಯಾವ ಪದ ಬಂದರೂ ಕಾಲ, ಲಿಂಗ, ವಚನ ಎಲ್ಲ ಕನ್ನಡದ್ದೇ. ಹಿಂದಿಯ ಕರ್ನಾ, ಜಪಾನಿಯ ಸುರು ಕೂಡ ಇದನ್ನೇ ಮಾಡುತ್ತವೆ.

"ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಕನ್ನಡ ತರಬಾರದು" ಅನ್ನುವವರು ಇದ್ದಾರೆ. ಕೆಲವು ಶಾಲೆಗಳಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವುದೂ ಉಂಟು. ನಾನು ಇದನ್ನು ಒಪ್ಪುವುದಿಲ್ಲ. ಮಗು ಕೇಳುವ, ಮಾತಾಡುವ ಇಂಗ್ಲಿಷ್ ಹೆಚ್ಚಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರಲಿಲ್ಲ ಅನ್ನುವ ಪದದಲ್ಲಿ ಕೂತಿರುವ ನಿಯಮವನ್ನು ಬಳಸದೆ, ಅದೇ ನಿಯಮವನ್ನು ಪರದೇಶದ್ದು ಅಂತ ಹೊಸದಾಗಿ ಹೇರುವುದು ಮಗುವಿಗೆ ಮಾಡುವ ಅನ್ಯಾಯ. ಮನೆಯಲ್ಲಿ ಹೇಳಿಕೊಡುವ ಅಪ್ಪ ಅಮ್ಮಂದಿರು, ಟ್ಯೂಷನ್ ಹೇಳುವವರು ಇವತ್ತು ಸಂಜೆಯೇ ಮಾಡಿ ನೋಡಬಹುದು. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಗಡೆ ಬಂದ, ಬರಲಿಲ್ಲ. ತಿಂದ, ತಿನ್ನಲಿಲ್ಲ. ಬಿದ್ದ, ಬೀಳಲಿಲ್ಲ. ಇದನ್ನು ಮಗುವೇ ಬರೆಯಲಿ, ನೀವು ಬಾಯಿ ಹಾಕಬೇಡಿ. ಬಲಗಡೆ ಕೇಮ್, ಏಟ್, ಫೆಲ್ ಅಂತ ಮಾತ್ರ ನೀವು ಬರೆದುಕೊಡಿ, ಅದರ ಪಕ್ಕದ ಡಿಡ್ ನಾಟ್ ಸಾಲನ್ನು ಮಗುವಿಗೇ ಬಿಡಿ.